ಬೀಜದಿಂದ ಶಿಸೊ ಬೆಳೆಸುವುದು: ಮೊಳಕೆ ಎಲ್ಲಿ ತಪ್ಪುತ್ತದೆ, ಗಿಡ ಎಲ್ಲಿ ಕೈಕೊಡುತ್ತದೆ

ಶಿಸೊ ಅಂದರೆ ಜಪಾನಿನ ಅಡುಗೆಯ ಪರಿಮಳದ ಸೊಪ್ಪು. ಅದನ್ನು ಬೆಳೆಸಲು ಹೋದವರದ್ದು ಎರಡೇ ದೂರು. "ಬೀಜ ಹಾಕಿ ಮೂರು ವಾರ ಆಯ್ತು, ಒಂದೂ ಮೇಲೆ ಬಂದಿಲ್ಲ" ಅನ್ನೋದು ಒಂದು. "ಹುಟ್ಟಿತು, ಆದ್ರೆ ಗೇಣುದ್ದ ಆಗೋಷ್ಟರಲ್ಲಿ ಹೂ ಬಿಟ್ಟು ಮುಗಿದೇ ಹೋಯ್ತು" ಅನ್ನೋದು ಇನ್ನೊಂದು. ಎರಡಕ್ಕೂ ಜನ ಮಣ್ಣನ್ನೋ ಗೊಬ್ಬರವನ್ನೋ ಬೈಯುತ್ತಾರೆ. ಸಾಮಾನ್ಯವಾಗಿ ಎಡವಟ್ಟು ಆಗಿರುವುದು ಬೆಳಕಿನಲ್ಲಿ. ಬೀಜಕ್ಕೆ ಬೆಳಕು ಬೇಕಿತ್ತು, ಮಣ್ಣು ಮುಚ್ಚಿರುತ್ತಾರೆ. ಗಿಡಕ್ಕೆ ರಾತ್ರಿ ಚಿಕ್ಕದಿರಬೇಕಿತ್ತು, ಅದನ್ನು ಯಾರೂ ಲೆಕ್ಕಕ್ಕೇ ತಂದುಕೊಂಡಿರುವುದಿಲ್ಲ.

ಶಿಸೊ ತುಳಸಿ, ಪುದೀನಗಳ ಕುಟುಂಬದ ಗಿಡ. ತುಳಸಿ ಬೀಜವನ್ನು ಸುಮ್ನೆ ಎರಚಿ ಬೆಳೆಸಿದವರು ಇದನ್ನೂ ಹಾಗೇ ಎರಚುತ್ತಾರೆ, ಸೋಲುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಿದರೆ ಮೂರು ವಾರ ಕಾದ ಮೇಲೂ ತಪ್ಪು ಎಲ್ಲಾಯಿತು ಅಂತ ಗೊತ್ತಾಗುವುದಿಲ್ಲ.

## ಮೊದಲೇ ಎತ್ತಿಟ್ಟುಕೊಳ್ಳಬೇಕಾದ ಸಾಮಾನು

- ತಳದಲ್ಲಿ ತೂತಿರುವ, 5ರಿಂದ 6 ಸೆಂ.ಮೀ. ಆಳದ ಟ್ರೇ. ಅದು ಕೂರುವಷ್ಟು ದೊಡ್ಡ ತಟ್ಟೆ
- ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಸೋಸಿದ ಎರೆಗೊಬ್ಬರ
- ಸಣ್ಣ ಹನಿ ಬರುವ ಸ್ಪ್ರೇ ಬಾಟಲಿ
- ಪೇಪರ್ ಟವೆಲ್, ಜಿಪ್ ಕವರ್, ಹಲ್ಲುಕಡ್ಡಿ
- ಟ್ರೇ ಮುಚ್ಚಲು ಪಾರದರ್ಶಕ ಮುಚ್ಚಳ ಅಥವಾ ಪ್ಲಾಸ್ಟಿಕ್ ಹಾಳೆ
- ಹೆಸರು, ತಾರೀಕು ಬರೆಯಲು ಚೀಟಿ
- ಒಂದು ಎಲ್‌ಇಡಿ ಬಲ್ಬು, ಅದಕ್ಕೊಂದು ಟೈಮರ್

ಕೊನೆಯದು ಯಾಕೆ ಅಂತ ಎಂಟನೇ ಹಂತದಲ್ಲಿ ಗೊತ್ತಾಗುತ್ತದೆ. ತೋಟದ ಮಣ್ಣನ್ನು ಟ್ರೇಗೆ ತುಂಬಬೇಡಿ. ಅದು ಗಟ್ಟಿಯಾಗುತ್ತದೆ, ಎಳೆ ಸಸಿಯನ್ನು ಕೊಳೆಸುವ ಶಿಲೀಂಧ್ರವನ್ನೂ ಜೊತೆಗೇ ತರುತ್ತದೆ. ಮೂರು ಪಾಲು ಕೋಕೋಪೀಟ್‌ಗೆ ಒಂದು ಪಾಲು ಪರ್ಲೈಟ್, ಒಂದು ಪಾಲು ಎರೆಗೊಬ್ಬರ ಸಾಕು. ಮೊಳಕೆಗೆ ಗೊಬ್ಬರ ಬೇಕಿಲ್ಲ. ಆ ಒಂದು ಪಾಲು ಆಮೇಲಿನ ಎರಡು ವಾರಕ್ಕೆ ಇರಲಿ ಅಂತ.

## ಯಾವ ಬೀಜ ತಂದಿದ್ದೀರಿ?

ಹಸಿರು ಶಿಸೊ ಹಸಿಯಾಗಿ ತಿನ್ನಲು. ಕೆಂಪು ಶಿಸೊ ಮುಖ್ಯವಾಗಿ ಬಣ್ಣಕ್ಕೆ; ಜಪಾನಿನಲ್ಲಿ ಉಮೆಬೋಶಿ ಉಪ್ಪಿನಕಾಯಿಗೆ ಕೆಂಪು ಬರುವುದು ಇದರಿಂದಲೇ. ಬೆಳೆಸುವ ರೀತಿ ಎರಡಕ್ಕೂ ಒಂದೇ. ಕೊರಿಯಾ ಅಡುಗೆಯ ದೊಡ್ಡೆಲೆಯ ಪೆರಿಲ್ಲಾ ಇದರ ಹತ್ತಿರದ ನೆಂಟ, ಶಿಸೊ ಕೂಡ ಪೆರಿಲ್ಲಾ ಜಾತಿಯದ್ದೇ, ಆದರೆ ಅದರ ಪರಿಮಳ ಬೇರೆ, ಬೀಜವೂ ದಪ್ಪ. ಪೊಟ್ಟಣದ ಮೇಲೆ ಬರೀ "ಪೆರಿಲ್ಲಾ" ಅಂತಿದ್ದರೆ ಯಾವುದು ಅಂತ ಕೇಳಿ ತಿಳಿದುಕೊಂಡೇ ಬಿತ್ತಿ.

ಶಿಸೊ ಬೀಜ ಗುಂಡಗೆ, ಒಂದು ಮಿ.ಮೀ. ಚಿಲ್ಲರೆ ಅಗಲ, ಕಂದು ಬಣ್ಣ. ಭೂತಗನ್ನಡಿ ಹಿಡಿದರೆ ಮೈಮೇಲೆಲ್ಲ ಬಲೆ ಹೆಣೆದ ಹಾಗೆ ಗೆರೆಗಳು ಕಾಣುತ್ತವೆ. ಉಗುರಲ್ಲಿ ಒತ್ತಿದರೆ ಒಳಗೆ ಬಿಳಿ, ಎಣ್ಣೆಯ ಜಿಡ್ಡು ಇರಬೇಕು. ಪುಡಿಯಾಗಿ ಟೊಳ್ಳು ಕಂಡರೆ ಅದು ಜೊಳ್ಳು. ಎಣ್ಣೆ ಬೀಜವಾದ್ದರಿಂದ ಇದಕ್ಕೆ ಆಯಸ್ಸು ಕಡಿಮೆ. ಬೆಚ್ಚಗಿನ ಜಾಗದಲ್ಲಿ ಇಟ್ಟದ್ದು ಒಂದು ವರ್ಷಕ್ಕೇ ಬಹಳಷ್ಟು ಸತ್ತಿರುತ್ತದೆ. ಪೊಟ್ಟಣ ಕೊಳ್ಳುವಾಗ ಚಿತ್ರ ನೋಡುವ ಮೊದಲು ತಾರೀಕು ನೋಡಿ.

## ಹಂತ 1: 20 ಬೀಜದ ಪರೀಕ್ಷೆ

ಪೇಪರ್ ಟವೆಲ್ ಒದ್ದೆ ಮಾಡಿ, ಹಿಂಡಿ, ತಟ್ಟೆಯ ಮೇಲೆ ಹಾಸಿ. 20 ಬೀಜ ಎಣಿಸಿ ಬಿಡಿಬಿಡಿಯಾಗಿ ಇಡಿ. ಮೇಲೆ ಇನ್ನೊಂದು ಪೇಪರ್ ಮುಚ್ಚಬೇಡಿ. ತಟ್ಟೆಯನ್ನು ಪಾರದರ್ಶಕ ಕವರಿನೊಳಗೆ ತೂರಿಸಿ, ಬೆಳಕಿರುವ ಕಡೆ ಇಡಿ. ನೇರ ಬಿಸಿಲು ಮಾತ್ರ ಬೇಡ, ಕವರಿನೊಳಗೆ ಬೀಜ ಬೆಂದುಹೋಗುತ್ತದೆ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದು ವಾರದಿಂದ ಎರಡು ವಾರದೊಳಗೆ ಉತ್ತರ ಸಿಗುತ್ತದೆ.

12ಕ್ಕಿಂತ ಹೆಚ್ಚು ಮೊಳೆತರೆ ಬೀಜ ಚೆನ್ನಾಗಿದೆ. ಐದರಿಂದ ಹನ್ನೆರಡರೊಳಗೆ ಇದ್ದರೆ ಸ್ವಲ್ಪ ಒತ್ತಾಗಿ ಬಿತ್ತಿ. ಅದಕ್ಕಿಂತ ಕಡಿಮೆ ಬಂದರೆ ಬೀಜದ ಸ್ಥಿತಿ ನೋಡಬೇಕು. ಹಲ್ಲುಕಡ್ಡಿಯಿಂದ ಒತ್ತಿ: ಮೆತ್ತಗಾಗಿ ಬೂಸ್ಟು ಹಿಡಿದಿದ್ದರೆ ಸತ್ತಿದೆ, ಬೇರೆ ಪೊಟ್ಟಣ ತನ್ನಿ. ಗಟ್ಟಿಯಾಗಿಯೇ ಇದ್ದು, ಬೀಜ ಹೊಸದೂ ಆಗಿದ್ದರೆ ಅದು ಸತ್ತಿಲ್ಲ, ನಿದ್ದೆಯಲ್ಲಿದೆ. ಎರಡನೇ ಹಂತ ಅಂಥ ಬೀಜಕ್ಕೇ.

## ಹಂತ 2: ಹೊಸ ಬೀಜದ ನಿದ್ದೆ ಕಳೆಯುವುದು

ಗಿಡದಿಂದ ಆಗಷ್ಟೇ ಉದುರಿದ ಶಿಸೊ ಬೀಜ ಕೆಲವು ತಿಂಗಳು ಮೊಳೆಯಲು ಒಪ್ಪುವುದಿಲ್ಲ. ಚಳಿಗಾಲಕ್ಕೆ ಮುಂಚೆ ಹುಟ್ಟಿ ಸಾಯಬಾರದು ಅಂತ ಅದರ ಏರ್ಪಾಡು ಅದು. ಫ್ರಿಜ್‌ನಲ್ಲಿಟ್ಟು ಆ ಚಳಿಗಾಲವನ್ನು ನಾವೇ ಮುಗಿಸಿಕೊಡಬಹುದು.

ಒದ್ದೆ ಮಾಡಿ ಹಿಂಡಿದ ಪೇಪರ್ ಟವೆಲ್‌ನಲ್ಲಿ ಬೀಜ ಹರಡಿ, ಮಡಿಸಿ, ಜಿಪ್ ಕವರಿಗೆ ಹಾಕಿ. ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿ ಎರಡು ಮೂರು ವಾರ ಇಡಿ. ಫ್ರೀಜರ್‌ನಲ್ಲಿ ಖಂಡಿತ ಬೇಡ. ಒದ್ದೆ ಬೀಜ ಹೆಪ್ಪುಗಟ್ಟಿದರೆ ಮುಗಿಯಿತು. ವಾರಕ್ಕೊಮ್ಮೆ ತೆರೆದು ಪೇಪರ್ ಒಣಗಿದೆಯಾ, ಬೂಸ್ಟು ಬಂದಿದೆಯಾ ನೋಡಿ.

ಹಳೆಯ ಬೀಜಕ್ಕೆ ಇದನ್ನು ಮಾಡಿ ಪ್ರಯೋಜನವಿಲ್ಲ. ಅದರ ನಿದ್ದೆ ಯಾವಾಗಲೋ ಕಳೆದಿರುತ್ತದೆ, ಇಲ್ಲವೇ ಜೀವವೇ ಹೋಗಿರುತ್ತದೆ.

## ಹಂತ 3: ಒಂದು ರಾತ್ರಿ ನೆನೆಸಿ

ಬಿತ್ತುವ ಹಿಂದಿನ ಸಂಜೆ ಬೀಜವನ್ನು ಕೋಣೆಯ ತಾಪಮಾನದ ನೀರಿಗೆ ಹಾಕಿ. ಹನ್ನೆರಡು ಗಂಟೆ ಸಾಕು, ಇಪ್ಪತ್ತನಾಲ್ಕು ದಾಟಬಾರದು. ತೇಲಿದ್ದೆಲ್ಲ ಜೊಳ್ಳು ಅಂತ ಮೊದಲ ಐದು ನಿಮಿಷದಲ್ಲೇ ಚೆಲ್ಲಬೇಡಿ. ಒಣ ಬೀಜ ಗಾಳಿ ಹಿಡಿದುಕೊಂಡು ತೇಲುತ್ತದೆ, ಆಮೇಲೆ ಮುಳುಗುತ್ತದೆ. ಬೆಳಗ್ಗೆ ನೀರು ಬಸಿದು, ಪೇಪರಿನ ಮೇಲೆ ಸ್ವಲ್ಪ ಆರಿಸಿ, ಒಂದು ಚಮಚ ಒಣ ಮರಳಿನ ಜೊತೆ ಬೆರೆಸಿಕೊಳ್ಳಿ. ಹೀಗೆ ಮಾಡಿದರೆ ಬೀಜ ಬೆರಳಿಗೆ ಅಂಟುವುದಿಲ್ಲ, ಒಂದೇ ಕಡೆ ಗುಂಪಾಗಿಯೂ ಬೀಳುವುದಿಲ್ಲ. ಹಂತ 2ರಲ್ಲಿ ಒದ್ದೆ ಪೇಪರಿನಲ್ಲಿದ್ದ ಬೀಜವನ್ನು ಮತ್ತೆ ನೆನೆಸಬೇಕಿಲ್ಲ.

## ಹಂತ 4: ಬಿತ್ತನೆ

ಹೆಚ್ಚಿನವರು ಸೋಲುವುದು ಇಲ್ಲೇ. ಯಾವ ಬೀಜವಾದರೂ ಹಾಕಿದ ಮೇಲೆ ಮಣ್ಣು ಎಳೆಯುವುದು ನಮ್ಮ ಕೈಗೆ ಅಭ್ಯಾಸ. ಶಿಸೊ ಬೀಜ ಮೊಳೆಯಲು ಬೆಳಕು ಬೇಕು. ಅರ್ಧ ಸೆಂ.ಮೀ. ಮಣ್ಣು ಮುಚ್ಚಿದರೂ ಅದಕ್ಕೆ ಕತ್ತಲೆ.

1. ಮಿಶ್ರಣವನ್ನು ಟ್ರೇಗೆ ಹಾಕುವ ಮೊದಲೇ ನೀರು ಹಾಕಿ ಕಲಸಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ಒಣ ಕೋಕೋಪೀಟ್ ತುಂಬಿ ಆಮೇಲೆ ನೀರು ಹಾಕಿದರೆ ಬೀಜವೆಲ್ಲ ಅಂಚಿಗೆ ತೇಲಿ ಹೋಗುತ್ತದೆ.
2. ಟ್ರೇ ತುಂಬಿ, ಹಲಗೆಯ ತುಂಡಿನಿಂದ ಮೇಲ್ಮೈಯನ್ನು ಸಮ ಮಾಡಿ. ತಗ್ಗು ಬಿಟ್ಟರೆ ಬೀಜ ಅಲ್ಲಿಗೆ ಜಾರಿ ಮುಚ್ಚಿಹೋಗುತ್ತದೆ.
3. ಮರಳು ಬೆರೆಸಿದ ಬೀಜವನ್ನು ತೆಳ್ಳಗೆ ಉದುರಿಸಿ. ಬೀಜದಿಂದ ಬೀಜಕ್ಕೆ ಒಂದೆರಡು ಸೆಂ.ಮೀ. ಇರಲಿ.
4. ಅಂಗೈಯಿಂದ ಅಥವಾ ಹಲಗೆಯಿಂದ ಮೆಲ್ಲಗೆ ಒತ್ತಿ. ಬೀಜ ಮಿಶ್ರಣಕ್ಕೆ ಅಂಟಿಕೊಳ್ಳಬೇಕು, ಮೇಲಿನಿಂದ ಕಾಣುತ್ತಲೂ ಇರಬೇಕು.
5. ಸ್ಪ್ರೇ ಬಾಟಲಿಯಿಂದ ಒಂದೆರಡು ಸಲ ತುಂತುರು ಹೊಡೆದು ಮುಚ್ಚಳ ಹಾಕಿ. ಚೀಟಿಯಲ್ಲಿ ತಾರೀಕು ಬರೆಯಿರಿ.

ಬಿತ್ತಿದ ಮೇಲೆ ಟ್ರೇ ನೋಡಿದರೆ ಬೀಜಗಳು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಆಳವಾಯಿತು ಅಂತಲೇ ಅರ್ಥ. ಹಕ್ಕಿ, ಇರುವೆ ಕಾಟ ಇದ್ದರೆ ಬಲೆ ಮುಚ್ಚಿ, ಮಣ್ಣು ಮುಚ್ಚಬೇಡಿ.

## ಹಂತ 5: ಕಾಯುವ ದಿನಗಳು

ಬೆಳಕಿರುವ, ನೇರ ಬಿಸಿಲು ಬೀಳದ ಜಾಗ. 20ರಿಂದ 25 ಡಿಗ್ರಿ. 15ಕ್ಕಿಂತ ಕೆಳಗೆ ಹೋದರೆ ಬೀಜ ಸುಮ್ಮನೆ ಕೂತು ಕೊಳೆಯುತ್ತದೆ. 30 ದಾಟಿದರೂ ಮೊಳೆಯುವ ಬೀಜ ಕಡಿಮೆಯಾಗುತ್ತದೆ.

ನೀರನ್ನು ಕೆಳಗಿನಿಂದ ಕೊಡಿ. ತಟ್ಟೆಯಲ್ಲಿ ಒಂದು ಬೆರಳಿನಷ್ಟು ನೀರು ಹಾಕಿ ಟ್ರೇ ಇಟ್ಟರೆ ಹತ್ತು ಹದಿನೈದು ನಿಮಿಷದಲ್ಲಿ ಮೇಲಿನವರೆಗೂ ಏರುತ್ತದೆ. ಉಳಿದ ನೀರು ಚೆಲ್ಲಿಬಿಡಿ. ಬೀಜ ಮೇಲೆಯೇ ಇರುವುದರಿಂದ ಅರ್ಧ ದಿನ ಮೇಲ್ಮೈ ಒಣಗಿದರೂ ಸಾಕು, ಮೂತಿ ಹೊರಹಾಕಿದ ಮೊಳಕೆ ಸತ್ತುಹೋಗುತ್ತದೆ. ನೆನೆಸುವುದೆಲ್ಲ ಸರಿಯಾಗಿ ಮಾಡಿಯೂ ಏನೂ ಹುಟ್ಟದಿದ್ದರೆ ಹೀಗೆ ಒಂದು ಮಧ್ಯಾಹ್ನ ಒಣಗಿದ್ದೇ ಕಾರಣ ಇರಬಹುದು.

ಒಂದು ವಾರಕ್ಕೆ ಮೊದಲನೆಯದು ಕಾಣಿಸಬಹುದು, ಮೂರು ವಾರದವರೆಗೂ ಒಂದೊಂದಾಗಿ ಬರುತ್ತಲೇ ಇರುತ್ತವೆ. ಎಲ್ಲವೂ ಒಂದೇ ದಿನ ಬರುವ ಬೆಳೆಯಲ್ಲ ಇದು. ಹತ್ತನೇ ದಿನ ಕೆದಕಿ ನೋಡುವ ಆಸೆ ಬಂದರೆ ಕೈ ಕಟ್ಟಿಕೊಳ್ಳಿ.

## ಹಂತ 6: ಎಳೆ ಸಸಿ

ಮೊದಲು ಬರುವ ಜೋಡಿ ಬೀಜದಳ. ಅಗಲವಾಗಿ, ಅಂಚು ನಯವಾಗಿರುತ್ತದೆ. ಹಲ್ಲುಹಲ್ಲು ಅಂಚಿನ ಜೋಡಿ ಬಂದಾಗ ಅದು ನಿಜವಾದ ಎಲೆ. ಪರಿಮಳ ನೋಡಬೇಕಾದ್ದೂ ಆಗಲೇ.

ಅರ್ಧದಷ್ಟು ಮೊಳೆತ ಕೂಡಲೇ ಮುಚ್ಚಳ ತೆಗೆಯಿರಿ. ಎರಡು ದಿನ ಸ್ವಲ್ಪ ಓರೆ ಮಾಡಿಟ್ಟು, ಆಮೇಲೆ ಪೂರ್ತಿ. "ಇನ್ನೂ ಉಳಿದವು ಹುಟ್ಟಲಿ" ಅಂತ ಮುಚ್ಚಳ ಬಿಟ್ಟವರ ಟ್ರೇಯಲ್ಲಿ ಹುಟ್ಟಿದವೂ ಉಳಿಯುವುದಿಲ್ಲ. ಬುಡ ದಾರದಂತೆ ಸಣ್ಣಗಾಗಿ, ನೀರು ತುಂಬಿದ ಹಾಗೆ ಕಂದಾಗಿ, ಸಸಿ ಒಂದೇ ರಾತ್ರಿಯಲ್ಲಿ ಮಲಗಿದರೆ ಅದು ಬುಡ ಕೊಳೆ. ಮಲಗಿದ್ದು ಏಳುವುದಿಲ್ಲ. ಅದನ್ನು ಸುತ್ತಲಿನ ಮಿಶ್ರಣದ ಸಮೇತ ಚಮಚದಿಂದ ಎತ್ತಿ ಹಾಕಿ, ನೀರು ಕಡಿಮೆ ಮಾಡಿ, ಗಾಳಿ ಆಡಲು ಬಿಡಿ.

ಸಸಿ ಬಿಳಿಚಿ, ಉದ್ದಕ್ಕೆ ಎಳೆದುಕೊಂಡು, ಒಂದೇ ಕಡೆ ಬಾಗಿದರೆ ಬೆಳಕು ಸಾಲದು. ದೀಪವನ್ನು ಹತ್ತಿರ ತನ್ನಿ ಅಥವಾ ಟ್ರೇಯನ್ನು ಕಿಟಕಿಗೆ ಒತ್ತಿಡಿ.

ಒಂದು ಜೋಡಿ ನಿಜವಾದ ಎಲೆ ಬಂದ ಮೇಲೆ ಒತ್ತಾಗಿರುವುದನ್ನು ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಬರುತ್ತದೆ. ಯಾವುದನ್ನು ಉಳಿಸಬೇಕು? ಎಲೆಯ ತುದಿಯನ್ನು ಉಜ್ಜಿ ಮೂಸಿ ನೋಡಿ. ಶಿಸೊ ಪರಿಮಳಕ್ಕೆ ಕಾರಣ ಪೆರಿಲ್ಲಾಲ್ಡಿಹೈಡ್ ಎಂಬ ಎಣ್ಣೆಯ ಅಂಶ. ಅದಿಲ್ಲದ ಗಿಡಗಳೂ ಈ ಜಾತಿಯಲ್ಲಿವೆ. ಬೆರಕೆ ಬೀಜದಲ್ಲಿ ಅಂಥವು ನುಸುಳಿರುತ್ತವೆ. ವಾಸನೆ ಬಾರದ್ದನ್ನು, ಬೇರೆ ಏನೋ ನಾತ ಬರುವುದನ್ನು ಈಗಲೇ ತೆಗೆದುಬಿಡಿ. ಎಷ್ಟೇ ದಷ್ಟಪುಷ್ಟವಾಗಿದ್ದರೂ ಸರಿ, ಅದು ಮುಂದೆ ರುಚಿ ಕೊಡುವುದಿಲ್ಲ.

## ಹಂತ 7: ಕುಂಡಕ್ಕೆ ಕಳಿಸುವುದು, ಚಿವುಟುವುದು

ನಾಲ್ಕರಿಂದ ಆರು ನಿಜವಾದ ಎಲೆ ಬಂದಾಗ ಕುಂಡಕ್ಕೆ ಬದಲಿಸಿ. ಒಂದು ಗಿಡಕ್ಕೆ 20 ಸೆಂ.ಮೀ. ಅಗಲ, ಅಷ್ಟೇ ಆಳದ ಕುಂಡ ಬೇಕು. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಬಿಡಿ. ಒಳಗೆ ಬೆಳೆದ ಸಸಿಯನ್ನು ಏಕಾಏಕಿ ಬಿಸಿಲಿಗೆ ಇಟ್ಟರೆ ಎಲೆ ಬೆಳ್ಳಗೆ ಸುಡುತ್ತದೆ. ಒಂದು ವಾರ, ದಿನಕ್ಕೆ ಒಂದೆರಡು ಗಂಟೆ ಜಾಸ್ತಿ ಮಾಡುತ್ತಾ ರೂಢಿ ಮಾಡಿಸಿ. ಚಳಿಯ ದೇಶದಲ್ಲಿದ್ದರೆ ರಾತ್ರಿ 10 ಡಿಗ್ರಿಗಿಂತ ಮೇಲೆ ನಿಂತ ಮೇಲೆಯೇ ಹೊರಗೆ. ಒಂದು ಮಂಜುಗಟ್ಟುವ ರಾತ್ರಿ ಇದನ್ನು ಕೊಲ್ಲುತ್ತದೆ.

ಬೆಳಗ್ಗಿನ ಬಿಸಿಲು, ಮಧ್ಯಾಹ್ನ ನೆರಳು: ಶಿಸೊಗೆ ಹೇಳಿ ಮಾಡಿಸಿದ್ದು. ಇಡೀ ದಿನ ಸುಡು ಬಿಸಿಲಲ್ಲಿ ಗಿಡ ಬದುಕುತ್ತದೆ, ಎಲೆ ಮಾತ್ರ ಒರಟಾಗಿ ಚರ್ಮದಂತಾಗುತ್ತದೆ. ಕೆಂಪು ತಳಿಗೆ ಸ್ವಲ್ಪ ಹೆಚ್ಚು ಬಿಸಿಲು ಕೊಡಿ. ನೆರಳಲ್ಲಿ ಅದರ ಬಣ್ಣ ಹಸಿರಿಗೆ ತಿರುಗುತ್ತದೆ. ನೀರು ತಪ್ಪಿಸಬೇಡಿ. ಎರಡು ವಾರಕ್ಕೊಮ್ಮೆ ತೆಳುವಾದ ದ್ರವ ಗೊಬ್ಬರ ಸಾಕು.

ಗಿಡ 15ರಿಂದ 20 ಸೆಂ.ಮೀ. ಆದಾಗ ತುದಿ ಚಿವುಟಿ. ದಂಟಿನಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಪ್ರತಿ ಎಲೆಯ ಕಂಕುಳಲ್ಲಿ ಒಂದು ಪುಟ್ಟ ಮೊಗ್ಗು ಕೂತಿರುತ್ತದೆ. ಆ ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ ಎರಡೂ ಮೊಗ್ಗು ಕವಲಾಗಿ ಬರುತ್ತವೆ. ಗಿಣ್ಣಿನ ಕೆಳಗೆ ಕತ್ತರಿಸಿದರೆ ಬರೀ ಬೋಳು ಕಡ್ಡಿ ಉಳಿದು ಒಣಗುತ್ತದೆ. ಚಿವುಟಿದ ತುದಿಯನ್ನು ನೀರಲ್ಲಿ ನಿಲ್ಲಿಸಿ, ಅದಕ್ಕೂ ಬೇರು ಬರುತ್ತದೆ. ಇಷ್ಟು ಕಷ್ಟಪಟ್ಟು ಬೀಜ ಮೊಳೆಸಿದ ಮೇಲೆ ಎರಡನೇ ಗಿಡ ಹೀಗೆ ಪುಕ್ಕಟೆ ಸಿಗುತ್ತದೆ ಅಲ್ವಾ, ಬಿಡಬೇಡಿ.

ಗಿಡದಲ್ಲಿ ಹತ್ತು ಹನ್ನೆರಡು ದೊಡ್ಡ ಎಲೆ ಬಂದ ಮೇಲೆ ಕೊಯ್ಲು ಶುರು. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕೀಳಬೇಡಿ. ಪರಿಮಳದ ಎಣ್ಣೆ ಗ್ರಂಥಿಗಳು ಹೆಚ್ಚಾಗಿ ಎಲೆಯ ಅಡಿಭಾಗದಲ್ಲಿವೆ, ಹಾಗಾಗಿ ತೊಳೆಯುವಾಗ ಆ ಕಡೆ ಉಜ್ಜದಿರಿ. ಒದ್ದೆ ಪೇಪರಿನಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಕೆಲವು ದಿನ ಚೆನ್ನಾಗಿರುತ್ತದೆ, ತೀರಾ ತಣ್ಣನೆಯ ಮೂಲೆಯಲ್ಲಿ ಕಪ್ಪು ಕಲೆ ಬೀಳುತ್ತದೆ.

## ಹಂತ 8: ಹೂವನ್ನು ಮುಂದೂಡುವುದು

ಶಿಸೊ ರಾತ್ರಿಯನ್ನು ಅಳೆಯುವ ಗಿಡ. ಹಗಲು ಸುಮಾರು 14 ಗಂಟೆಗಿಂತ ಕಡಿಮೆಯಾಗಿ ರಾತ್ರಿ ಉದ್ದವಾದರೆ "ಬೇಸಿಗೆ ಮುಗಿಯಿತು" ಅಂತ ಲೆಕ್ಕ ಹಾಕಿ ಹೂವಿಗೆ ತಿರುಗುತ್ತದೆ. ತಳಿಯಿಂದ ತಳಿಗೆ ಈ ಗಡಿ ಸ್ವಲ್ಪ ಆಚೀಚೆ. ಜಪಾನಿನಂಥ ದೂರದ ಅಕ್ಷಾಂಶದಲ್ಲಿ ಬೇಸಿಗೆಯ ಹಗಲು ಉದ್ದ, ಹಾಗಾಗಿ ಅಲ್ಲಿ ತಿಂಗಳುಗಟ್ಟಲೆ ಬರೀ ಎಲೆ ಬಿಡುತ್ತದೆ. ಸಮಭಾಜಕ ವೃತ್ತದ ಹತ್ತಿರ ವರ್ಷವಿಡೀ ಹಗಲು 12 ಗಂಟೆಯ ಆಸುಪಾಸು. ಅಲ್ಲಿ ಎಳೆ ಗಿಡವೇ ಹೂ ಬಿಡಲು ಹೊರಡುತ್ತದೆ. ಎಷ್ಟು ಗೊಬ್ಬರ ಸುರಿದರೂ ಅದು ನಿಲ್ಲುವುದಿಲ್ಲ.

ಪರಿಹಾರ ಅಗ್ಗದ್ದೇ. ಸಂಜೆ ಕತ್ತಲಾಗುವ ಮೊದಲು ಬಲ್ಬು ಹತ್ತಿ, ಹಗಲು ಮತ್ತು ದೀಪ ಸೇರಿ 16 ಗಂಟೆ ಬೆಳಕಾಗುವಂತೆ ಟೈಮರ್ ಇಡಿ. ಗಿಡ ಬೆಳೆಸುವಷ್ಟು ಪ್ರಖರ ಬೆಳಕು ಬೇಡ, ಇದು ಬರೀ ಸಂಕೇತ. ನಡುರಾತ್ರಿ ಕೆಲವು ಗಂಟೆ ಹತ್ತಿಸಿದರೂ ಕೆಲಸ ಆಗುತ್ತದೆ, ಯಾಕೆಂದರೆ ಗಿಡಕ್ಕೆ ಲೆಕ್ಕ ಇರುವುದು ತುಂಡಾಗದ ಕತ್ತಲೆಯದ್ದು. ಜಪಾನಿನ ಐಚಿ ಪ್ರಾಂತ್ಯದ ಬೆಳೆಗಾರರು ಹಸಿರುಮನೆಗಳಲ್ಲಿ ರಾತ್ರಿ ದೀಪ ಹಾಕಿ ಚಳಿಗಾಲದಲ್ಲೂ ಎಲೆ ಕೊಯ್ಯುವುದು ಇದೇ ಉಪಾಯದಿಂದ. ಬೀದಿದೀಪದ ಬೆಳಕು ಬೀಳುವ ಗಿಡ ತಾನಾಗೇ ತಡವಾಗಿ ಹೂ ಬಿಟ್ಟರೂ ಆಶ್ಚರ್ಯವಿಲ್ಲ. ಬಿತ್ತಿದ ದಿನದಿಂದಲೇ ಟೈಮರ್ ಹಾಕಿ. ಹೂ ಕಂಡ ಮೇಲೆ ಓಡಾಡುವುದಕ್ಕಿಂತ ಅದು ಸುಲಭ.

ಎಚ್ಚರಿಕೆಯ ಗುರುತು: ತುದಿಯ ಹೊಸ ಎಲೆಗಳು ಚಿಕ್ಕದಾಗಿ ಕಿರಿದಾಗುತ್ತವೆ, ಗಿಣ್ಣುಗಳು ಹತ್ತಿರ ಬರುತ್ತವೆ, ನಡುವೆ ನಾಲ್ಕು ಮೂಲೆಯ ಪುಟ್ಟ ತೆನೆ ಕಾಣುತ್ತದೆ. ಆಗ ಬರೀ ತೆನೆ ಚಿವುಟಿದರೆ ಸಾಲದು. ಡಚ್ ಸಸ್ಯವಿಜ್ಞಾನಿ ಯಾನ್ ಝೇವಾರ್ಟ್ 1950ರ ದಶಕದಲ್ಲಿ ಪೆರಿಲ್ಲಾ ಎಲೆಗಳನ್ನು ಕಸಿ ಮಾಡಿ ತೋರಿಸಿದಂತೆ, ಒಮ್ಮೆ ಹೂವಿನ ಸಂಕೇತಕ್ಕೆ ತಿರುಗಿದ ಎಲೆ ಆಮೇಲೆ ಉದ್ದ ಹಗಲಿನಲ್ಲೂ ಅದನ್ನು ಕಳಿಸುತ್ತಲೇ ಇರುತ್ತದೆ. ಆದ್ದರಿಂದ ಗಿಡವನ್ನು ಅರ್ಧಕ್ಕೆ ಕತ್ತರಿಸಿ, ಹಳೆಯ ದೊಡ್ಡ ಎಲೆಗಳನ್ನೂ ಬಹುಪಾಲು ಕೊಯ್ದು, ಅಂದಿನಿಂದಲೇ ದೀಪ ಹಾಕಿ. ಕೊಯ್ಲಿಗೆ ಹೇಳಿದ ಮೂರರಲ್ಲೊಂದು ಪಾಲಿನ ಲೆಕ್ಕ ಇಲ್ಲಿಗೆ ಅನ್ವಯಿಸುವುದಿಲ್ಲ. ದೀಪದ ಕೆಳಗೆ ಬರುವ ಹೊಸ ಕವಲು ಮತ್ತೆ ಎಲೆ ಕೊಡುತ್ತದೆ.

## ಎಲೆ ನೋಡಿ ರೋಗ ಹೇಳುವುದು

ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ತುಂಬಿ, ಅಡಿಯಲ್ಲಿ ತೆಳು ಬಲೆ ಇದ್ದರೆ ಜೇಡ ನುಸಿ. ಒಣ ಹವೆ ಅದಕ್ಕೆ ಹಬ್ಬ. ಎಲೆಯ ಅಡಿಗೆ ದಿನಾ ನೀರು ಚಿಮ್ಮಿಸಿ. ತುದಿಯಲ್ಲಿ ಹಸಿರು ಹೇನು ಕಂಡರೂ ಮೊದಲ ಮದ್ದು ನೀರೇ. ಹಸಿಯಾಗಿ ತಿನ್ನುವ ಎಲೆ, ಔಷಧಿ ಡಬ್ಬಿಗೆ ಕೈ ಹಾಕುವ ಮೊದಲು ಯೋಚಿಸಿ.

ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿಯ ಗುಳ್ಳೆಗಳಿದ್ದರೆ ತುಕ್ಕು ರೋಗ. ಅಂಥ ಎಲೆ ಕಿತ್ತು ದೂರ ಹಾಕಿ, ಎಲೆ ತೋಯದಂತೆ ಬುಡಕ್ಕೆ ನೀರು ಕೊಡಿ. ಎಲೆಗಳು ಮುದುಡಿ, ಹಳದಿ-ಹಸಿರು ಮಚ್ಚೆ ಮೂಡಿ, ಗಿಡ ಗಿಡ್ಡವಾಗಿಯೇ ನಿಂತರೆ ಮೊಸಾಯಿಕ್ ವೈರಸ್ ಇರಬಹುದು. ಜಪಾನಿನ ಶಿಸೊ ಬೆಳೆಯಲ್ಲಿ ಇದನ್ನು ಹರಡುವುದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಆ ಗಿಡಕ್ಕೆ ಮದ್ದಿಲ್ಲ, ಬುಡಸಮೇತ ತೆಗೆಯಿರಿ. ಕೆಳಗಿನ ಎಲೆ ಮಾತ್ರ ಹಳದಿಯಾದರೆ ಗಾಬರಿ ಬೇಡ, ಸಾರಜನಕ ಕಡಿಮೆ ಅಥವಾ ನೀರು ನಿಂತಿದೆ.

## ಹಂತ 9: ಮುಂದಿನ ಬಿತ್ತನೆಗೆ ಬೀಜ

ಒಂದು ಒಳ್ಳೆಯ ಗಿಡಕ್ಕೆ ದೀಪ ನಿಲ್ಲಿಸಿ ಹೂ ಬಿಡಲು ಬಿಡಿ. ಕೆಂಪು, ಹಸಿರು, ಕೊರಿಯಾ ಪೆರಿಲ್ಲಾ ಮೂರೂ ಒಂದಕ್ಕೊಂದು ಬೆರೆಯುತ್ತವೆ. ಆ ಸಮಯದಲ್ಲಿ ಒಂದನ್ನು ಮಾತ್ರ ಹೂವಿಗೆ ಬಿಡಿ, ಉಳಿದವುಗಳ ತೆನೆ ಕತ್ತರಿಸುತ್ತಿರಿ. ತೆನೆ ಕೆಳಗಿನಿಂದ ಮೇಲಕ್ಕೆ ಬಲಿಯುತ್ತದೆ. ಕೆಳಗಿನ ಅರ್ಧ ಕಂದಾದಾಗಲೇ ಕತ್ತರಿಸಿ ಕಾಗದದ ಚೀಲದಲ್ಲಿ ತಲೆಕೆಳಗಾಗಿ ನೇತುಹಾಕಿ. ಪೂರ್ತಿ ಒಣಗಲಿ ಅಂತ ಕಾದರೆ ಬೀಜ ನೆಲದ ಪಾಲು, ಮುಂದಿನ ವರ್ಷ ಪಾತಿಯ ತುಂಬ ಬೇಡದ ಸಸಿ. ಒಣಗಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ, ವರ್ಷ ಬರೆದು, ಫ್ರಿಜ್‌ನಲ್ಲಿಡಿ.

ಕತ್ತರಿಸಿದ ಗಿಡ, ಉಳಿದ ತೆನೆಗಳನ್ನು ದನ, ಕುದುರೆ ಬಾಯಿ ಹಾಕುವ ಕಡೆ ಎಸೆಯಬೇಡಿ. ಪೆರಿಲ್ಲಾ ಜಾತಿಯ ಹಲವು ಗಿಡಗಳಲ್ಲಿರುವ ಪೆರಿಲ್ಲಾ ಕೀಟೋನ್ ಎಂಬ ರಾಸಾಯನಿಕ ಅವುಗಳ ಶ್ವಾಸಕೋಶಕ್ಕೆ ವಿಷ. ಹೂವು, ಬೀಜ ಬಂದ ಹಂತದಲ್ಲಿ ಅಪಾಯ ಇನ್ನೂ ಜಾಸ್ತಿ.